ದಿವಾಳಿಯಿಂದ ಬಿಡುಗಡೆಯಾದ ಮೇಲೆ ಬ್ಯಾಂಕ್ ಶುಲ್ಕ ವಾಪಸ್ ಬಂದರೆ ಅದು ಯಾರ ದುಡ್ಡು?

ಪರದೆಯ ಮೇಲೆ ಕಾಣುತ್ತಿರುವುದು ಇವತ್ತಿನ ಮಾತಿಗೆಂದೇ ಬರೆದಿಟ್ಟ ಮಾದರಿ ಸ್ಟೇಟ್‌ಮೆಂಟ್, ಯಾರದೋ ನಿಜವಾದ ಖಾತೆಯಲ್ಲ. ಒಂದೇ ತಿಂಗಳಿನದು. 3ನೇ ತಾರೀಖು ನೀರಿನ ಬಿಲ್ಲಿನ ಡೈರೆಕ್ಟ್ ಡೆಬಿಟ್ 18 ಪೌಂಡ್ ಬಂತು, ಖಾತೆಯಲ್ಲಿ ಅಷ್ಟು ದುಡ್ಡಿಲ್ಲ, ಬೌನ್ಸ್ ಆಯಿತು. ಅದಕ್ಕೆ ಶುಲ್ಕ 30 ಪೌಂಡ್. ಆ ಶುಲ್ಕ ಕಳೆದದ್ದರಿಂದಲೇ ಖಾತೆ ಮೈನಸ್‌ಗೆ ಇಳಿಯಿತು. 11ನೇ ತಾರೀಖು ಫೋನ್ ಬಿಲ್ 22 ಪೌಂಡ್, ಅದೂ ಬೌನ್ಸ್, ಮತ್ತೆ 30. ತಿಂಗಳ ಕೊನೆಗೆ, ಅನುಮತಿ ಪಡೆಯದೆ ಖಾತೆಯನ್ನು ಮೈನಸ್ಸಿನಲ್ಲಿ ಇಟ್ಟದ್ದಕ್ಕೆ, ಅಂದರೆ ಓವರ್‌ಡ್ರಾಫ್ಟ್ ಬಳಸಿದ್ದಕ್ಕೆ 28. ಕಟ್ಟಬೇಕಾಗಿದ್ದ ಬಿಲ್ಲು ಎರಡೂ ಸೇರಿ 40 ಪೌಂಡ್, ಅವು ಕಟ್ಟಿಯೂ ಆಗಲಿಲ್ಲ. ಶುಲ್ಕ ಮಾತ್ರ 88 ಪೌಂಡ್. ಬ್ರಿಟನ್ನಿನಲ್ಲಿ 2020ಕ್ಕೆ ಮುಂಚೆ ಇಂಥ ತಿಂಗಳುಗಳು ತೀರ ಸಾಮಾನ್ಯ. ಹೀಗೆ ಹತ್ತು ಹನ್ನೆರಡು ತಿಂಗಳು ಸಾಲಾಗಿ ಬಂದರೆ ಸಣ್ಣ ಸಂಬಳದ ಮನುಷ್ಯ ಮೇಲೇಳುವುದು ಕಷ್ಟ.

ಈ ಖಾತೆದಾರ ಮುಂದೆ ದಿವಾಳಿ ಅರ್ಜಿ ಹಾಕಿದ, ಒಂದು ವರ್ಷಕ್ಕೆ ಡಿಸ್ಚಾರ್ಜ್ ಆದ, ಅಂದರೆ ದಿವಾಳಿಯಿಂದ ಬಿಡುಗಡೆಯಾದ ಅಂತಿಟ್ಟುಕೊಳ್ಳಿ. ಈಗ ಅವನ ಪ್ರಶ್ನೆ ಇದು: “ನನ್ನ ಸಾಲವೆಲ್ಲ ತೀರಿದೆ, ನಾನೀಗ ಮುಕ್ತ. ಅವತ್ತು ಬ್ಯಾಂಕು ನನ್ನಿಂದ ಕಿತ್ತುಕೊಂಡ ಶುಲ್ಕವನ್ನು ಈಗ ವಾಪಸ್ ಕೇಳಬಹುದಲ್ಲ?”

ಇದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಶುಲ್ಕ ವಾಪಸ್ ಬರುವಂಥದ್ದೇ ಅನ್ನುವುದು ಒಂದು. ಬಂದರೆ ಯಾರ ಕೈಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಜನ ಮೊದಲನೆಯದರ ಹಿಂದೆ ತಿಂಗಳುಗಟ್ಟಲೆ ಓಡಾಡುತ್ತಾರೆ, ಎರಡನೆಯದನ್ನು ಕೇಳಿಕೊಳ್ಳುವುದೇ ಇಲ್ಲ. ನಾನು ಎರಡನೆಯದರಿಂದ ಶುರುಮಾಡುತ್ತೇನೆ. ಅದಕ್ಕೆ ಉತ್ತರ ಗೊತ್ತಾದರೆ ಮೊದಲನೆಯದಕ್ಕೆ ಕಾಗದ ಬರೆಯುವ ಶ್ರಮ ಬೇಕೋ ಬೇಡವೋ ಅಂತ ನೀವೇ ತೀರ್ಮಾನಿಸಬಹುದು.

ನಾನು ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು. ಸ್ಕಾಟ್ಲೆಂಡಿನದು ಬೇರೆ, ಅದಕ್ಕೆ ಕೊನೆಯ ಹೊತ್ತಿಗೆ ಬರುತ್ತೇನೆ.

ದಿವಾಳಿ ಆದೇಶ ಆದ ಮೇಲೆ ನಿಮ್ಮ ಆಸ್ತಿ ಟ್ರಸ್ಟೀಯ, ಅಂದರೆ ಅದನ್ನು ಹಣವಾಗಿಸಿ ಸಾಲ ಕೊಟ್ಟವರಿಗೆ ಹಂಚುವವರ ವಶಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಆ ಟ್ರಸ್ಟೀ ಸರ್ಕಾರದ ಅಫಿಶಿಯಲ್ ರಿಸೀವರ್. ಇನ್ಸಾಲ್ವೆನ್ಸಿ ಆಕ್ಟ್ 1986ರ 306ನೇ ಸೆಕ್ಷನ್ ಇದನ್ನು ಹೇಳುತ್ತದೆ. ಯಾರೂ ಸಹಿ ಹಾಕಿ ವರ್ಗಾಯಿಸಬೇಕಾಗಿಲ್ಲ, ಕಾನೂನಿನ ಬಲದಿಂದ ತಾನಾಗಿಯೇ ಆಗುತ್ತದೆ. ಆಸ್ತಿ ಅಂದರೆ ಏನು ಅನ್ನುವುದು ಅದೇ ಕಾಯ್ದೆಯ 436ನೇ ಸೆಕ್ಷನ್‌ನಲ್ಲಿದೆ. ಮನೆ, ಕಾರು, ನಗದು ಮಾತ್ರವಲ್ಲ, ಇನ್ನೊಬ್ಬರ ಮೇಲೆ ದಾವೆ ಹೂಡಿ ಹಣ ವಸೂಲು ಮಾಡುವ ಹಕ್ಕೂ ಆಸ್ತಿಯೇ. ಬ್ಯಾಂಕು ತಪ್ಪಾಗಿ ಶುಲ್ಕ ಹಾಕಿದ್ದರೆ, ಆ ಶುಲ್ಕ ಹಾಕಿದ ದಿನವೇ ನಿಮಗೆ ಅದನ್ನು ವಾಪಸ್ ಕೇಳುವ ಹಕ್ಕು ಹುಟ್ಟಿತು. ನಿಮಗೆ ಆಗ ಅದು ಗೊತ್ತಿರಲಿಲ್ಲ, ನಿಜ. ಆದರೂ ಹಕ್ಕು ಇತ್ತು. ದಿವಾಳಿ ಆದೇಶದ ಜೊತೆಗೆ ಅದೂ ಟ್ರಸ್ಟೀಗೆ ಹೋಯಿತು.

ಹಾಗಾದರೆ ಡಿಸ್ಚಾರ್ಜ್ ಆದಾಗ ಅದು ವಾಪಸ್ ಬರಬೇಡವೇ? ಬರುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಡೆ “ಪಾಪರ್ ಚೀಟಿ ತಗೊಂಡ” ಅನ್ನುವ ಮಾತಿದೆಯಲ್ಲ, ಚೀಟಿ ಕೈಗೆ ಬಂದರೆ ಅಲ್ಲಿಗೆ ಲೆಕ್ಕ ಚುಕ್ತಾ, ಎರಡೂ ಕಡೆಯಿಂದ ಮುಗಿಯಿತು ಅನ್ನುವ ಭಾವನೆ ಆ ಮಾತಿನಲ್ಲಿದೆ. ಕಾನೂನು ಹಾಗಿಲ್ಲ. 281ನೇ ಸೆಕ್ಷನ್ ಪ್ರಕಾರ ಡಿಸ್ಚಾರ್ಜ್ ನಿಮ್ಮನ್ನು ದಿವಾಳಿ ಸಾಲಗಳಿಂದ ಬಿಡಿಸುತ್ತದೆ. ಟ್ರಸ್ಟೀ ಮಾಡಿ ಮುಗಿಸಬೇಕಾದ ಕೆಲಸಕ್ಕೆ ಅದರಿಂದ ಏನೂ ಬಾಧೆಯಿಲ್ಲ ಅಂತ ಅದೇ ಸೆಕ್ಷನ್ ಬಾಯಿಬಿಟ್ಟು ಹೇಳುತ್ತದೆ. ಅಂದರೆ ಬಿಡುಗಡೆಯಾದವರು ನೀವು. ಟ್ರಸ್ಟೀಗೆ ಹೋದ ಆಸ್ತಿ ಅಲ್ಲೇ ಇದೆ. ಹತ್ತು ವರ್ಷ ಕಳೆದು ಒಂದು ಮರುಪಾವತಿ ಚೆಕ್ ಬಂದರೂ ಹಕ್ಕು ಆದೇಶಕ್ಕೆ ಮುಂಚಿನದಾದರೆ ಅದು ಟ್ರಸ್ಟೀದೇ. ಮೊದಲಿದ್ದ ಖಾಸಗಿ ಟ್ರಸ್ಟೀ ಕೆಲಸ ಮುಗಿಸಿ ಹೋಗಿದ್ದರೆ ಆ ಜಾಗಕ್ಕೆ ಅಫಿಶಿಯಲ್ ರಿಸೀವರ್ ಬರುತ್ತಾರೆ.

ಮನೆಯ ವಿಷಯದಲ್ಲಿ ಮೂರು ವರ್ಷದ ಮಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. 283ಎ ಸೆಕ್ಷನ್ ಪ್ರಕಾರ ಟ್ರಸ್ಟೀ ಮೂರು ವರ್ಷದೊಳಗೆ ಕ್ರಮ ಕೈಗೊಳ್ಳದಿದ್ದರೆ ವಾಸದ ಮನೆ ನಿಮಗೇ ಮರಳುತ್ತದೆ. ಆದರೆ ಆ ಸವಲತ್ತು ವಾಸದ ಮನೆಗೆ ಮಾತ್ರ. ಬ್ಯಾಂಕಿನ ಮೇಲಿನ ಹಕ್ಕಿಗೆ ಅಂಥ ಗಡಿಯಾರ ಇಲ್ಲ.

ಆದ್ದರಿಂದ ಮೊದಲು ನೋಡಬೇಕಾದ್ದು ತಾರೀಖು. ಸ್ಟೇಟ್‌ಮೆಂಟ್ ಮೇಲೆ ಎರಡು ಗೆರೆ ಎಳೆಯಿರಿ. ಒಂದು ದಿವಾಳಿ ಆದೇಶದ ದಿನ, ಇನ್ನೊಂದು ಡಿಸ್ಚಾರ್ಜ್ ದಿನ. 2004ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಡಿಸ್ಚಾರ್ಜ್ ಸಾಮಾನ್ಯವಾಗಿ ಆದೇಶದಿಂದ ಒಂದು ವರ್ಷಕ್ಕೆ ತಾನಾಗಿಯೇ ಆಗುತ್ತದೆ. ರಿಸೀವರಿಗೆ ಸಹಕಾರ ಕೊಡದಿದ್ದರೆ ಅದನ್ನು ತಡೆಹಿಡಿಸಬಹುದು, ಹಾಗಾಗಿ ನಿಮ್ಮ ನಿಜವಾದ ತಾರೀಖನ್ನು ಕಾಗದದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ, ಅಂದಾಜಿನಲ್ಲಿ ಹೋಗಬೇಡಿ.

ಮೊದಲ ಗೆರೆಗಿಂತ ಮೇಲಿನ ಶುಲ್ಕಗಳು ಟ್ರಸ್ಟೀಯವು. ಎರಡನೇ ಗೆರೆಯ ಕೆಳಗಿನವು ಸಂಪೂರ್ಣ ನಿಮ್ಮವು. ಡಿಸ್ಚಾರ್ಜ್ ನಂತರ ತೆರೆದ ಹೊಸ ಖಾತೆಯಲ್ಲಿ ಬ್ಯಾಂಕು ತಪ್ಪು ಮಾಡಿದರೆ ಆ ಹಣ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಎರಡು ಗೆರೆಗಳ ನಡುವಿನದು ಸ್ವಲ್ಪ ಸೂಕ್ಷ್ಮ. ಆದೇಶದ ನಂತರ ಹುಟ್ಟಿದ ಹಕ್ಕು ತಾನಾಗಿ ಟ್ರಸ್ಟೀಗೆ ಹೋಗುವುದಿಲ್ಲ. ಆದರೆ ಡಿಸ್ಚಾರ್ಜ್‌ಗೆ ಮುಂಚೆ ನಿಮಗೆ ಹೊಸದಾಗಿ ಏನಾದರೂ ಆಸ್ತಿ ಬಂದರೆ 21 ದಿನದೊಳಗೆ ಟ್ರಸ್ಟೀಗೆ ತಿಳಿಸಬೇಕು, ತಿಳಿದ ದಿನದಿಂದ 42 ದಿನದೊಳಗೆ ಅವರು ನೋಟಿಸ್ ಕೊಟ್ಟು ಅದನ್ನು ಪಡೆದುಕೊಳ್ಳಬಹುದು. ನಡುವಿನ ಅವಧಿಯ ಶುಲ್ಕ ಸಾಮಾನ್ಯವಾಗಿ ಚಿಕ್ಕ ಮೊತ್ತ. ಚಿಕ್ಕದೆಂದು ತಿಳಿಸದೆ ಬಿಡಬೇಡಿ. ತಿಳಿಸಿದ್ದರೆ 42 ದಿನ ಕಳೆದ ಮೇಲೆ ನೆಮ್ಮದಿಯಾಗಿ ಇಟ್ಟುಕೊಳ್ಳಬಹುದು, ತಿಳಿಸದಿದ್ದರೆ ಆ 42 ದಿನದ ಎಣಿಕೆಯೇ ಶುರುವಾಗಿರುವುದಿಲ್ಲ.

ಇಲ್ಲಿ ಕರ್ನಾಟಕದವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಪರವಾಗಿಲ್ಲ. 436ನೇ ಸೆಕ್ಷನ್ ಆಸ್ತಿ ಎಲ್ಲಿದ್ದರೂ ಆಸ್ತಿ ಅನ್ನುತ್ತದೆ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟು, ಮಂಗಳೂರಿನ ಬ್ಯಾಂಕಿನ ಫಿಕ್ಸೆಡ್ ಡೆಪಾಸಿಟ್, ತಂದೆಯವರ ನಂತರ ಭಾಗವಾಗದೆ ಉಳಿದ ಜಮೀನಿನಲ್ಲಿ ನಿಮ್ಮ ಪಾಲು, ಇವನ್ನೆಲ್ಲ ಲಂಡನ್ನಿನಲ್ಲಿ ಹಾಕುವ ದಿವಾಳಿ ಅರ್ಜಿಯಲ್ಲಿ ತೋರಿಸಲೇಬೇಕು. ಊರಿನದು ಊರಲ್ಲಿ, ಇಲ್ಲಿನದು ಇಲ್ಲಿ ಅಂದುಕೊಂಡು ಬಿಟ್ಟವರಿಗೆ ಮುಂದೆ ದೊಡ್ಡ ತೊಂದರೆಯಾಗುತ್ತದೆ, ಮರೆಮಾಚುವುದು ಅಪರಾಧ. ಭಾರತದಲ್ಲೂ ಮೂಲ ತತ್ವ ಇದೇ. 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆಕ್ಟ್ ಪ್ರಕಾರವೂ ದಿವಾಳಿ ಎಂದು ತೀರ್ಮಾನವಾದ ಮೇಲೆ ಸಾಲಗಾರನ ಆಸ್ತಿ ಕೋರ್ಟಿನ ಅಥವಾ ರಿಸೀವರಿನ ವಶಕ್ಕೆ ಹೋಗುತ್ತದೆ.

ಮರಳಿ ಶುಲ್ಕಕ್ಕೆ ಬರೋಣ. ಸರಿ, ಹಣ ನನಗಲ್ಲ, ಟ್ರಸ್ಟೀಗಾದರೂ ಹೋಗಿ ನನಗೆ ಸಾಲ ಕೊಟ್ಟವರಿಗೆ ಸಿಗಲಿ ಅಂತ ನೀವು ಪ್ರಾಮಾಣಿಕವಾಗಿ ಕೇಳಿದಿರಿ ಅನ್ನಿ. ಅದಕ್ಕೂ ಒಂದು ಅಡ್ಡಗಾಲಿದೆ. 323ನೇ ಸೆಕ್ಷನ್. ದಿವಾಳಿಗೆ ಮುಂಚೆ ಬ್ಯಾಂಕು ನಿಮಗೆ ಕೊಡಬೇಕಾದ್ದು, ನೀವು ಬ್ಯಾಂಕಿಗೆ ಕೊಡಬೇಕಾದ್ದು ಎರಡೂ ಇದ್ದರೆ, ಒಂದಕ್ಕೊಂದು ಮುರಿದುಕೊಂಡು ಉಳಿಕೆ ಮಾತ್ರ ಲೆಕ್ಕಕ್ಕೆ. ಇದು ಬ್ಯಾಂಕಿನ ಇಷ್ಟಕ್ಕೆ ಬಿಟ್ಟದ್ದಲ್ಲ, ದಿವಾಳಿ ಆದೇಶದ ದಿನವೇ ತಾನಾಗಿ ಆಗಿಹೋಗುತ್ತದೆ ಅಂತ ಆಗಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1995ರಲ್ಲಿ ಸ್ಟೈನ್ ವಿರುದ್ಧ ಬ್ಲೇಕ್ ಪ್ರಕರಣದಲ್ಲಿ ಹೇಳಿತು.

ಲೆಕ್ಕ ಹಾಕಿ ತೋರಿಸುತ್ತೇನೆ. ಆದೇಶದ ದಿನ ಓವರ್‌ಡ್ರಾಫ್ಟ್ ಬಾಕಿ 1,850 ಪೌಂಡ್. ಅದರಲ್ಲಿ 30 ಪೌಂಡಿನ 24 ಶುಲ್ಕ, ಅಂದರೆ 720. ಆ ಶುಲ್ಕದ ಮೇಲೆ ಬಿದ್ದ ಬಡ್ಡಿ 96. ಒಟ್ಟು 816. ಇಷ್ಟೂ ತಪ್ಪು ಶುಲ್ಕ ಅಂತ ಬ್ಯಾಂಕು ಒಪ್ಪಿಕೊಂಡಿತು. ಆಗ ಏನಾಗುತ್ತದೆ? ನಗದು ಯಾರಿಗೂ ಬರುವುದಿಲ್ಲ. ಬಾಕಿ 1,850ರಿಂದ 1,034ಕ್ಕೆ ಇಳಿಯುತ್ತದೆ, ಅಷ್ಟೇ. ಈ ದಿವಾಳಿಯಲ್ಲಿ ಸಾಲ ಕೊಟ್ಟವರಿಗೆ ಪೌಂಡಿಗೆ 6 ಪೆನ್ಸ್ ಹಂಚಿಕೆಯಾಯಿತು ಅನ್ನಿ. ಮೊದಲಿನ ಲೆಕ್ಕದಲ್ಲಿ ಬ್ಯಾಂಕಿಗೆ 111 ಪೌಂಡ್ ಸಿಗುತ್ತಿತ್ತು, ಈಗ 62 ಪೌಂಡ್ 4 ಪೆನ್ಸ್. ವ್ಯತ್ಯಾಸ 48 ಪೌಂಡ್ 96 ಪೆನ್ಸ್ ಸಾಲ ಕೊಟ್ಟ ಉಳಿದವರಿಗೆ ಹೋಗುತ್ತದೆ. ಆರು ತಿಂಗಳ ಪತ್ರವ್ಯವಹಾರದ ಫಲ ಇದು. ಹಂಚಿಕೆಯೇ ಇಲ್ಲದ ದಿವಾಳಿಯಾದರೆ ಅದೂ ಇಲ್ಲ.

ನಗದು ನಿಜವಾಗಿ ಹುಟ್ಟುವುದು ಬೇರೆ ಸಂದರ್ಭದಲ್ಲಿ: ಶುಲ್ಕ ಹಾಕಿದ ಬ್ಯಾಂಕಿಗೆ ದಿವಾಳಿಯ ದಿನ ನೀವು ಏನೂ ಬಾಕಿ ಇಲ್ಲದಿದ್ದಾಗ. ಉದಾಹರಣೆಗೆ, ಹಳೆಯ ಬ್ಯಾಂಕಿನ ಓವರ್‌ಡ್ರಾಫ್ಟನ್ನು ನೀವು ದಿವಾಳಿಗೆ ಎರಡು ವರ್ಷ ಮುಂಚೆಯೇ ಪೂರ್ತಿ ತೀರಿಸಿ ಖಾತೆ ಮುಚ್ಚಿದ್ದಿರಿ. ಅಲ್ಲಿ 28 ಪೌಂಡಿನ 15 ಶುಲ್ಕ, 420 ಪೌಂಡ್. ವರ್ಷಕ್ಕೆ ಶೇಕಡಾ 8ರ ಸರಳ ಬಡ್ಡಿಯಂತೆ ಮೂರು ವರ್ಷಕ್ಕೆ 100 ಪೌಂಡ್ 80 ಪೆನ್ಸ್. ಮುರಿದುಕೊಳ್ಳಲು ಎದುರು ಬಾಕಿ ಇಲ್ಲ, ಆದ್ದರಿಂದ ಬ್ಯಾಂಕು ಕೊಡಬೇಕು, ಆದರೆ ಕೊಡಬೇಕಾದ್ದು ಟ್ರಸ್ಟೀಗೆ. ಅಲ್ಲಿ ಮೊದಲು ದಿವಾಳಿಯ ಖರ್ಚು, ಆಮೇಲೆ ಸಾಲ ಕೊಟ್ಟವರು, ಆಮೇಲೆ ಅವರಿಗೆ ಬಡ್ಡಿ. ಇವೆಲ್ಲ ಪೂರ್ತಿ ತೀರಿ ಏನಾದರೂ ಮಿಕ್ಕರೆ ಮಾತ್ರ ನಿಮಗೆ. 330ನೇ ಸೆಕ್ಷನ್ ಆ ಮಿಗತೆಯನ್ನು ನಿಮ್ಮ ಹಕ್ಕು ಅನ್ನುತ್ತದೆ. ಸಣ್ಣ ಸಾಲದ, ದೊಡ್ಡ ಮನೆಯ ಪ್ರಕರಣಗಳಲ್ಲಿ ಇದು ಆಗುವುದುಂಟು. ನಿಮ್ಮದು ಅಂಥದಾದರೆ ಇಡೀ ಚಿತ್ರವೇ ಬೇರೆ, ಒಂದೊಂದು ಶುಲ್ಕವನ್ನೂ ಬೆನ್ನಟ್ಟಿ. ಇನ್ನೊಂದು ವಿನಾಯಿತಿ ರದ್ದತಿ. ಸಾಲ, ಖರ್ಚು ಎಲ್ಲ ಕಟ್ಟಿ 282ನೇ ಸೆಕ್ಷನ್ ಕೆಳಗೆ ದಿವಾಳಿ ಆದೇಶವನ್ನೇ ರದ್ದುಪಡಿಸಿಕೊಂಡವರಿಗೆ ಉಳಿದ ಹಕ್ಕುಗಳು ಮರಳುತ್ತವೆ. ರದ್ದತಿ ಮತ್ತು ಡಿಸ್ಚಾರ್ಜ್ ಒಂದೇ ಅಲ್ಲ. ಎರಡನ್ನೂ ‘ಮುಗಿಯಿತು’ ಅನ್ನುವ ಒಂದೇ ಮಾತಿನಲ್ಲಿ ಹೇಳುವುದರಿಂದ ಗೊಂದಲವಾಗುತ್ತದೆ.

ಈಗ ಮೊದಲ ಪ್ರಶ್ನೆ, ಶುಲ್ಕ ವಾಪಸ್ ಬರುವಂಥದ್ದೇ? 2006, 2007ರಲ್ಲಿ ಬ್ರಿಟನ್ನಿನ ತುಂಬ ಜನ ಒಂದೇ ಮಾದರಿ ಪತ್ರ ಕಳಿಸಿ ಶುಲ್ಕ ವಾಪಸ್ ಪಡೆದರು. ಇದು ದಂಡ, ಬ್ಯಾಂಕಿಗೆ ಆಗುವ ಖರ್ಚಿಗೂ ಇದಕ್ಕೂ ಸಂಬಂಧವಿಲ್ಲ ಅನ್ನುವುದು ಪತ್ರದ ವಾದ. 2007ರ ಜುಲೈನಲ್ಲಿ, ಗ್ರಾಹಕರ ಹಿತ ನೋಡುತ್ತಿದ್ದ ಸರ್ಕಾರಿ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್, ಏಳು ಬ್ಯಾಂಕು ಮತ್ತು ಒಂದು ಬಿಲ್ಡಿಂಗ್ ಸೊಸೈಟಿಯ ವಿರುದ್ಧ ಪರೀಕ್ಷಾ ದಾವೆ ಹೂಡಿತು. ಕೆಳಗಿನ ಎರಡು ಕೋರ್ಟುಗಳು ಗ್ರಾಹಕರ ಕಡೆ ಒಲಿದವು. ಆದರೆ 2009ರ ನವೆಂಬರ್ 25ರಂದು ಸುಪ್ರೀಂ ಕೋರ್ಟು ತಿರುಗಿಸಿಬಿಟ್ಟಿತು. ಅನುಮತಿಯಿಲ್ಲದ ಓವರ್‌ಡ್ರಾಫ್ಟ್ ಶುಲ್ಕ ಕೂಡ ಬ್ಯಾಂಕು ಕೊಡುವ ಒಟ್ಟು ಸೇವೆಯ ಬೆಲೆಯ ಭಾಗ. ಬೆಲೆ ಹೆಚ್ಚಾಯಿತು ಅನ್ನುವ ಕಾರಣಕ್ಕೆ 1999ರ ಅನ್ಯಾಯ ಷರತ್ತುಗಳ ನಿಯಮದಡಿ ಅದನ್ನು ಅಳೆಯುವಂತಿಲ್ಲ ಅಂದಿತು. ಅಲ್ಲಿಗೆ ಆ ಮಾದರಿ ಪತ್ರದ ಆಯುಸ್ಸು ಮುಗಿಯಿತು. ಅದೇ ಹಳೆಯ ವಾಕ್ಯಗಳನ್ನು ಈಗ ಕಳಿಸಿದರೆ ಬ್ಯಾಂಕು ಈ ತೀರ್ಪನ್ನು ತೋರಿಸಿ ಎರಡು ಸಾಲಿನಲ್ಲಿ ತಳ್ಳಿಹಾಕುತ್ತದೆ.

ಉಳಿದಿರುವ ದಾರಿಗಳು ಕೆಲವೇ, ಆದರೆ ಗಟ್ಟಿ. ನೀವು ಹಣದ ಸಂಕಷ್ಟದಲ್ಲಿದ್ದೀರಿ ಎಂದು ಬ್ಯಾಂಕಿಗೆ ಗೊತ್ತಿದ್ದೂ, ಅಥವಾ ಗೊತ್ತಾಗಬೇಕಿದ್ದೂ, ಶುಲ್ಕದ ಮೇಲೆ ಶುಲ್ಕ ಹೇರಿದ್ದರೆ ಅದು ನ್ಯಾಯವಾದ ನಡವಳಿಕೆಯಲ್ಲ ಎಂದು, ಬ್ಯಾಂಕು ಮತ್ತು ಗ್ರಾಹಕರ ನಡುವಿನ ದೂರು ತೀರ್ಮಾನಿಸುವ ಫೈನಾನ್ಷಿಯಲ್ ಒಂಬಡ್ಸ್‌ಮನ್ ಸರ್ವಿಸ್ ಮುಂದೆ ದೂರಬಹುದು. ಶುಲ್ಕಪಟ್ಟಿಯಲ್ಲಿ ಇಲ್ಲದ ಶುಲ್ಕ, ಎರಡು ಸಲ ಹಾಕಿದ ಶುಲ್ಕ, ಬ್ಯಾಂಕಿನ ತಪ್ಪಿನಿಂದಲೇ ಬೌನ್ಸ್ ಆದ ಪಾವತಿಯ ಶುಲ್ಕ, ಇವು ಸಾಧಾರಣ ತಪ್ಪುಗಳು, ಇವಕ್ಕೆ ದೊಡ್ಡ ವಾದ ಬೇಕಿಲ್ಲ. 2020ರ ಏಪ್ರಿಲ್ 6ರಿಂದ, ಬ್ಯಾಂಕುಗಳ ನಡವಳಿಕೆ ನಿಯಂತ್ರಿಸುವ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ನಿಯಮ ಬದಲಾಗಿ, ಓವರ್‌ಡ್ರಾಫ್ಟ್ ಬಳಕೆಗೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಅನ್ನುವ ನಿಗದಿ ಶುಲ್ಕವೇ ನಿಷೇಧವಾಯಿತು. ಅನುಮತಿಯಿಲ್ಲದ ಓವರ್‌ಡ್ರಾಫ್ಟಿಗೆ ಅನುಮತಿ ಇದ್ದದ್ದಕ್ಕಿಂತ ಹೆಚ್ಚು ದರ ಹಾಕುವಂತಿಲ್ಲ. ಆ ತಾರೀಖಿನ ನಂತರ ಸ್ಟೇಟ್‌ಮೆಂಟಿನಲ್ಲಿ ‘ಓವರ್‌ಡ್ರಾಫ್ಟ್ ಬಳಕೆ ಶುಲ್ಕ 28 ಪೌಂಡ್’ ಅಂತ ಸಾಲು ಕಂಡರೆ ತಕ್ಷಣ ಪ್ರಶ್ನಿಸಿ.

ಕಾಲಮಿತಿಯನ್ನು ಎಲ್ಲಕ್ಕಿಂತ ಮೊದಲು ನೋಡಿ. ಕೋರ್ಟಿಗೆ ಹೋಗುವುದಾದರೆ ಸಾಮಾನ್ಯವಾಗಿ ಆರು ವರ್ಷ. ಒಂಬಡ್ಸ್‌ಮನ್‌ಗೆ ಘಟನೆಯಿಂದ ಆರು ವರ್ಷ, ಅಥವಾ ದೂರಲು ಕಾರಣವಿದೆ ಅಂತ ನಿಮಗೆ ಗೊತ್ತಾದ, ಇಲ್ಲವೇ ಗೊತ್ತಾಗಬೇಕಿದ್ದ ದಿನದಿಂದ ಮೂರು ವರ್ಷ, ಯಾವುದು ತಡವೋ ಅದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟ ಮೇಲೆ ಸಾಮಾನ್ಯವಾಗಿ ಎಂಟು ವಾರ ಅದಕ್ಕೆ ಉತ್ತರಿಸಲು ಸಮಯ. ಕೊನೆಯ ಉತ್ತರ ಬಂದ ಮೇಲೆ ಆರು ತಿಂಗಳೊಳಗೆ ಒಂಬಡ್ಸ್‌ಮನ್ ಬಾಗಿಲು ತಟ್ಟಬೇಕು. ಈ ಆರು ತಿಂಗಳನ್ನು ಕಳೆದುಕೊಳ್ಳುವವರು ಬಹಳ. ಬ್ಯಾಂಕಿನ ಪತ್ರ ಬಂದಾಗ ಮನಸ್ಸು ಕುಗ್ಗಿ ಡ್ರಾಯರಿನಲ್ಲಿ ಇಟ್ಟುಬಿಡುತ್ತಾರೆ. ಪತ್ರದ ಮೂಲೆಯಲ್ಲೇ ಕೊನೆಯ ತಾರೀಖು ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸಿ.

ಸ್ಟೇಟ್‌ಮೆಂಟ್ ಇಲ್ಲದಿದ್ದರೆ ಬ್ಯಾಂಕಿನಿಂದ ನಿಮ್ಮ ಮಾಹಿತಿಯ ಪ್ರತಿ ಕೇಳಿ. 2018ರ ಮೇ 25ರವರೆಗೆ ಇದಕ್ಕೆ 10 ಪೌಂಡ್ ತನಕ ಶುಲ್ಕವಿತ್ತು, ಈಗ ಉಚಿತ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಈ ಹಕ್ಕು ಟ್ರಸ್ಟೀಗೆ ಹೋಗುವುದಿಲ್ಲ, ಇದು ನಿಮ್ಮ ಬಗೆಗಿನ ಮಾಹಿತಿ, ನೀವೇ ಕೇಳಬಹುದು. ಪತ್ರದಲ್ಲಿ ‘ಎಲ್ಲ ಮಾಹಿತಿ’ ಅಂತ ಬರೆಯುವ ಬದಲು ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯನ್ನು ಗುರುತಿಸುವ ಸಾರ್ಟ್ ಕೋಡ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಶುಲ್ಕ ಮತ್ತು ಬಡ್ಡಿಯ ಪಟ್ಟಿ, ಫೋನ್ ಸಂಭಾಷಣೆಯ ಟಿಪ್ಪಣಿ ಅಂತ ಬಿಡಿಸಿ ಬರೆಯಿರಿ. ಆ ಟಿಪ್ಪಣಿಯೇ ಮುಖ್ಯ. ‘ಗ್ರಾಹಕರಿಗೆ ಕೆಲಸ ಹೋಗಿದೆಯಂತೆ’ ಅಂತ ಬ್ಯಾಂಕಿನ ಸಿಬ್ಬಂದಿಯೇ ಬರೆದಿಟ್ಟ ಒಂದು ಸಾಲು ಸಿಕ್ಕರೆ, ಸಂಕಷ್ಟ ಬ್ಯಾಂಕಿಗೆ ಗೊತ್ತಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪಟ್ಟಿ ಕೈಗೆ ಬಂತು, ಶುಲ್ಕಗಳು ಮೊದಲ ಗೆರೆಗಿಂತ ಮೇಲಿವೆ. ಆಗ ಬ್ಯಾಂಕಿಗೆ ಬರೆಯುವ ಮುಂಚೆ ಅಫಿಶಿಯಲ್ ರಿಸೀವರಿಗೆ ಬರೆಯಿರಿ. ಹೆಸರು, ಆಗ ಬೇರೆ ಹೆಸರಿದ್ದರೆ ಅದೂ, ಹುಟ್ಟಿದ ತಾರೀಖು, ಆದೇಶದ ಸಮಯದ ವಿಳಾಸ, ದಿವಾಳಿ ಪ್ರಕರಣದ ಸಂಖ್ಯೆ, ಆದೇಶದ ತಾರೀಖು. ಬ್ಯಾಂಕು, ಖಾತೆ, ಶುಲ್ಕದ ಅವಧಿ, ಅಂದಾಜು ಮೊತ್ತ. ಆ ದಿನ ಅದೇ ಬ್ಯಾಂಕಿಗೆ ಬಾಕಿ ಇತ್ತೇ ಇಲ್ಲವೇ. ಕೊನೆಗೆ ಮೂರು ನೇರ ಪ್ರಶ್ನೆ: ಈ ಹಕ್ಕನ್ನು ನೀವು ಮುಂದುವರಿಸುತ್ತೀರಾ? ಇಲ್ಲದಿದ್ದರೆ ನನ್ನ ಹೆಸರಿಗೆ ವರ್ಗಾಯಿಸಿ ಕೊಡುತ್ತೀರಾ? ಯಾವ ಷರತ್ತಿನ ಮೇಲೆ?

ಮೂರನೆಯ ಪ್ರಶ್ನೆ ಯಾಕೆ ಅಂದರೆ, ಟ್ರಸ್ಟೀ ಇಂಥ ಹಕ್ಕನ್ನು ಮಾರಬಹುದು, ದಿವಾಳಿಯಾದವರಿಗೇ ಮಾರಬಹುದು, ಒಂದಿಷ್ಟು ಮೊತ್ತಕ್ಕೆ ಅಥವಾ ಬಂದದ್ದರಲ್ಲಿ ಪಾಲಿಗೆ. ಇಲ್ಲಿ ಆಗುವ ತಪ್ಪು ಏನೆಂದರೆ, ಫೋನಿನಲ್ಲಿ “ನಮಗೆ ಅದರಲ್ಲಿ ಆಸಕ್ತಿ ಇಲ್ಲ” ಅಂದದ್ದನ್ನೇ ಜನ ವರ್ಗಾವಣೆ ಅಂದುಕೊಳ್ಳುತ್ತಾರೆ. ಅಲ್ಲ. ಟ್ರಸ್ಟೀ ಸುಮ್ಮನಿದ್ದರೆ ಹಕ್ಕು ನಿಮಗೆ ಬಂದಂತಲ್ಲ, ಅವರ ಬಳಿಯೇ ಸುಮ್ಮನೆ ಬಿದ್ದಿರುತ್ತದೆ. ಸಹಿಯಿರುವ ಬರಹ ಬೇಕು, ಅದರ ನೋಟಿಸ್ ಬ್ಯಾಂಕಿಗೂ ಲಿಖಿತವಾಗಿ ಹೋಗಬೇಕು. ಅದಿಲ್ಲದೆ ಕೋರ್ಟಿಗೆ ಹೋದರೆ, ದಾವೆ ಹೂಡಲು ನಿಮಗೆ ಅಧಿಕಾರವೇ ಇಲ್ಲ ಅನ್ನುವ ಒಂದೇ ಆಕ್ಷೇಪದ ಮೇಲೆ ಪ್ರಕರಣ ಬಿದ್ದುಹೋಗಬಹುದು, ಬ್ಯಾಂಕಿನ ಖರ್ಚೂ ನಿಮ್ಮ ತಲೆಗೆ ಬರಬಹುದು. ವರ್ಗಾವಣೆ ಪಡೆದರೂ ಮುರಿದುಕೊಂಡ ಮೇಲಿನ ಉಳಿಕೆ ಮಾತ್ರ ನಿಮಗೆ ಸಿಗುವುದು. ಹಾಗಾಗಿ ಬಾಕಿ ಇದ್ದ ಬ್ಯಾಂಕಿನ ಮೇಲಿನ ಹಕ್ಕನ್ನು ಒಂದು ಪೆನ್ನಿ ಕೊಟ್ಟೂ ಕೊಳ್ಳಬೇಡಿ.

ಬ್ಯಾಂಕು ಗೊತ್ತಿಲ್ಲದೆ ಚೆಕ್ಕನ್ನು ನೇರವಾಗಿ ನಿಮಗೇ ಕಳಿಸಿದರೆ? ಖರ್ಚು ಮಾಡಬೇಡಿ. ಟ್ರಸ್ಟೀಗೆ ತಿಳಿಸಿ. ಟ್ರಸ್ಟೀಗೆ ಮಾಹಿತಿ ಕೊಟ್ಟು ಸಹಕರಿಸುವ ಕರ್ತವ್ಯ ಡಿಸ್ಚಾರ್ಜ್ ನಂತರವೂ ಇರುತ್ತದೆ, 333ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಈ ವಿಷಯದಲ್ಲಿ ನನಗೆ ತುಂಬ ನೋವಾಗುವ ಸಂಗತಿ, ಹಣ ವಾಪಸ್ ಕೊಡಿಸುತ್ತೇವೆ ಅನ್ನುವ ಕ್ಲೇಮು ಕಂಪನಿಗಳದ್ದು. ‘ಹಣ ಬಂದರೆ ಮಾತ್ರ ಶುಲ್ಕ’ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ದಿವಾಳಿಯಾಗಿದ್ದೀರಾ ಅಂತ ಕೇಳುವ ಪ್ರಶ್ನೆ ಫಾರಮ್ಮಿನ ನಡುವೆ ಎಲ್ಲೋ ಇರುತ್ತದೆ, ಡಿಸ್ಚಾರ್ಜ್ ಆಗಿದೆಯಲ್ಲ ಅಂತ ಜನ ‘ಇಲ್ಲ’ ಅಂದುಬಿಡುತ್ತಾರೆ. 816 ಪೌಂಡ್ ಮಂಜೂರಾಗುತ್ತದೆ, ಹಳೆಯ ಸಾಲಕ್ಕೆ ಮುರಿದುಹೋಗುತ್ತದೆ. ಕೈಗೆ ಸೊನ್ನೆ. ಆದರೆ ಕಂಪನಿಯ ಒಪ್ಪಂದ ನಿಮ್ಮ ಜೊತೆ, ಅದೂ ಡಿಸ್ಚಾರ್ಜ್ ನಂತರ ಮಾಡಿಕೊಂಡದ್ದು. ಶೇಕಡಾ 30 ಅಂದರೆ 244 ಪೌಂಡ್ 80 ಪೆನ್ಸ್, ಮೇಲೆ ತೆರಿಗೆ, ಬಿಲ್ಲು ನಿಮ್ಮ ಮನೆಗೆ ಬರುತ್ತದೆ. ಸಾಲದಿಂದ ಬಿಡಿಸಿಕೊಂಡು ಬಂದ ಮನುಷ್ಯನಿಗೆ ಹೊಸ ಸಾಲ. ಈ ಕೆಲಸಕ್ಕೆ ಮಧ್ಯವರ್ತಿ ಬೇಕಿಲ್ಲ. ಒಂಬಡ್ಸ್‌ಮನ್ ಗ್ರಾಹಕರಿಂದ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ, ಮೇಲೆ ಹೇಳಿದ ಎರಡು ಪತ್ರವನ್ನು ಯಾರು ಬೇಕಾದರೂ ಬರೆಯಬಹುದು. ಸಾಲದ ಜೊತೆ ತಪ್ಪಾಗಿ ಮಾರಿದ ವಿಮೆ, ಕಾರು ಸಾಲದಲ್ಲಿ ತಿಳಿಸದೆ ಪಡೆದ ಕಮಿಷನ್, ಇವುಗಳ ಪರಿಹಾರಕ್ಕೂ ಇದೇ ಮಾತು. ದಿವಾಳಿಗೆ ಮುಂಚಿನ ಒಪ್ಪಂದವಾದರೆ ಸಹಿ ಹಾಕುವ ಮೊದಲು ರಿಸೀವರನ್ನು ಕೇಳಿ.

ಗಂಡ ಹೆಂಡತಿ ಜಂಟಿ ಖಾತೆ ಇಟ್ಟುಕೊಂಡು ಒಬ್ಬರು ಮಾತ್ರ ದಿವಾಳಿಯಾಗಿದ್ದರೆ, ಟ್ರಸ್ಟೀಗೆ ಹೋಗುವುದು ದಿವಾಳಿಯಾದವರ ಪಾಲು ಮಾತ್ರ. ಇನ್ನೊಬ್ಬರ ಪಾಲು ಅವರದೇ, ಅವರು ದೂರು ಕೊಡಬಹುದು. ಆದರೆ ಜಂಟಿ ಸಾಲ ಪೂರ್ತಿಯಾಗಿ ಆ ಇನ್ನೊಬ್ಬರ ತಲೆಯ ಮೇಲೆಯೇ ನಿಂತಿರುತ್ತದೆ. ಶುಲ್ಕ ಇಳಿಸಿಕೊಂಡರೆ ಅವರಿಗೆ ನಿಜವಾದ ಲಾಭವಿದೆ.

ಸ್ಕಾಟ್ಲೆಂಡ್ ಮತ್ತು ಇತರ ವ್ಯವಸ್ಥೆಗಳ ಬಗ್ಗೆ ಚಿಕ್ಕದಾಗಿ. ದಿವಾಳಿಯ ಬದಲು ಸಾಲ ಕೊಟ್ಟವರ ಜೊತೆ ಒಪ್ಪಂದ ಮಾಡಿಕೊಳ್ಳುವ ಐವಿಎ ವ್ಯವಸ್ಥೆಯಲ್ಲಿ ಎಲ್ಲವೂ ಆ ಒಪ್ಪಂದದ ಮಾತುಗಳ ಮೇಲೆ ನಿಂತಿದೆ. ಗ್ರೀನ್ ವಿರುದ್ಧ ರೈಟ್ ಪ್ರಕರಣದಲ್ಲಿ 2017ರಲ್ಲಿ ಕೋರ್ಟ್ ಆಫ್ ಅಪೀಲ್, ಐವಿಎ ಮುಗಿದ ಪ್ರಮಾಣಪತ್ರ ಕೊಟ್ಟ ಮೇಲೂ ಸಾಲದ ವಿಮೆಯ ಪರಿಹಾರ ಸಾಲ ಕೊಟ್ಟವರಿಗೇ ಅಂದಿತು. ಸಾಲ ತೀರಿಸಲೆಂದು ಆಸ್ತಿಯನ್ನು ಟ್ರಸ್ಟೀಗೆ ಬರೆದುಕೊಡುವ ಸ್ಕಾಟ್ಲೆಂಡಿನ ಟ್ರಸ್ಟ್ ಡೀಡ್ ವಿಷಯದಲ್ಲಿ ಡೂನೀನ್ ವಿರುದ್ಧ ಮಾಂಡ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು, ಕೊನೆಯ ಹಂಚಿಕೆಯೊಂದಿಗೆ ಟ್ರಸ್ಟ್ ಕೊನೆಗೊಂಡಿತು, ಆಮೇಲೆ ಬಂದದ್ದು ಸಾಲ ಮಾಡಿದವರಿಗೇ ಸೇರಬೇಕು ಅಂದಿತು. ಒಂದೇ ಬಗೆಯ ಹಣ, ಗಡಿ ದಾಟಿದರೆ ಬೇರೆ ಫಲ. ಸ್ಕಾಟ್ಲೆಂಡಿನಲ್ಲಿದ್ದವರು ಇಂಗ್ಲೆಂಡಿನ ಸಲಹೆಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ಕೊನೆಯದಾಗಿ, ನಿಮಗೇ ಸೇರಬೇಕಾದ, ಆದರೆ ಯಾರೂ ಕೇಳದೆ ಬಿಟ್ಟುಬಿಡುವ ಹಣ. ಆದೇಶವಾದ ಮೇಲೆ ಸಂಬಳ ಹಳೆಯ ಖಾತೆಗೇ ಬಂತು. ಬ್ಯಾಂಕು ಅದರಲ್ಲಿ 640 ಪೌಂಡನ್ನು ಹಳೆಯ ಓವರ್‌ಡ್ರಾಫ್ಟಿಗೆ ಜಮಾ ಮಾಡಿಕೊಂಡಿತು. ಇದು ಸರಿಯಲ್ಲ. ಮುರಿದುಕೊಳ್ಳುವ ಲೆಕ್ಕ ಆದೇಶದ ದಿನಕ್ಕೆ ನಿಂತಿತು, ಆಮೇಲಿನ ಸಂಬಳವನ್ನು ಹಳೆಯ ಸಾಲಕ್ಕೆ ಎಳೆದುಕೊಳ್ಳುವಂತಿಲ್ಲ. ಅದೇ ರೀತಿ, ಆದೇಶದ ನಂತರವೂ ಹಳೆಯ ಬಾಕಿಯ ಮೇಲೆ ಶುಲ್ಕ, ಬಡ್ಡಿ ಬೆಳೆಸುತ್ತ ಹೋಗಿ, ಡಿಸ್ಚಾರ್ಜ್ ಆದ ಮೇಲೆ ಆ ಬೆಳೆದ ಭಾಗವನ್ನು ವಸೂಲಿ ಕಂಪನಿಗೆ ಮಾರಿ ಕಾಗದ ಕಳಿಸುತ್ತಾರೆ. ಹಳೆಯ ಒಪ್ಪಂದದಿಂದ ಹುಟ್ಟಿದ ಬಾಕಿ ದಿವಾಳಿ ಸಾಲದಲ್ಲೇ ಸೇರಿದ್ದು, ಅದರಿಂದಲೂ ನೀವು ಬಿಡುಗಡೆಯಾಗಿದ್ದೀರಿ. ಹೆದರಿ ಕಟ್ಟಬೇಡಿ, ತಿಂಗಳಿಗೆ 5 ಪೌಂಡ್ ಅಂತಲೂ ಒಪ್ಪಿಕೊಳ್ಳಬೇಡಿ. ಕಟ್ಟಿದ್ದರೆ ವಾಪಸ್ ಕೇಳಿ. ಸಾಲ ವರದಿಯಲ್ಲಿ ಆ ಖಾತೆಯ ಡಿಫಾಲ್ಟ್ ತಾರೀಖು ದಿವಾಳಿ ಆದೇಶಕ್ಕಿಂತ ಈಚಿನದಾಗಿದ್ದರೆ ಅದನ್ನೂ ತಿದ್ದಿಸಿ, ಇಲ್ಲದಿದ್ದರೆ ಆ ದಾಖಲೆ ವರದಿಯಿಂದ ಅಳಿಯುವ ಆರು ವರ್ಷದ ಲೆಕ್ಕ ಅಷ್ಟು ಮುಂದಕ್ಕೆ ಹೋಗುತ್ತದೆ.

ಪತ್ರಕ್ಕೆ ನಾಲ್ಕು ಸಾಲು ಸಾಕು. “ನನ್ನ ದಿವಾಳಿ ಆದೇಶದ ತಾರೀಖು ಇದು, ಪ್ರಕರಣ ಸಂಖ್ಯೆ ಇದು, ಡಿಸ್ಚಾರ್ಜ್ ಆದದ್ದು ಈ ದಿನ. ನೀವು ಕೇಳುತ್ತಿರುವ ಬಾಕಿ ದಿವಾಳಿ ಸಾಲ. ಆದೇಶದ ನಂತರ ನನ್ನ ಸಂಬಳದಿಂದ ತೆಗೆದುಕೊಂಡ 640 ಪೌಂಡನ್ನು ಹಿಂದಿರುಗಿಸಿ. ಎಂಟು ವಾರದೊಳಗೆ ಅಂತಿಮ ಉತ್ತರ ಕೊಡಿ.” ಜೊತೆಗೆ ಆದೇಶದ ಪ್ರತಿ, ಆ ತಿಂಗಳ ಸಂಬಳದ ಚೀಟಿ, ಹಣ ಕಡಿತವಾದ ಸಾಲಿಗೆ ಗೆರೆ ಎಳೆದ ಸ್ಟೇಟ್‌ಮೆಂಟ್ ಇಡಿ. ಮೂಲ ಪ್ರತಿಗಳನ್ನು ಕಳಿಸಬೇಡಿ. ಅಂಚೆಯಲ್ಲಿ ಕಳಿಸಿದರೆ ರಸೀದಿ ಇಟ್ಟುಕೊಳ್ಳಿ. ಎಂಟು ವಾರದ ಎಣಿಕೆ ಪತ್ರ ಅವರ ಕೈಸೇರಿದ ದಿನದಿಂದ ಶುರು.